ಯಾರ್ದು ಗಾಡಿ?

ನಮ್ಮಪ್ಪನಿಗೆ ಸೈಕಲ್ ತುಳಿಯೋದಕ್ಕಿಂತ ಇಳಿಯೋದು ಚೆನ್ನಾಗಿ ಗೊತ್ತಿತ್ತು.

ಇದು ನಾನು ಹುಟ್ಟುವ ಮುಂಚಿನ ಮಾತು. ಅವ್ವ ಹೇಳಿದ್ದು, ಅಪ್ಪ ಇದರ ಬಗ್ಗೆ ಬಾಯಿ ಬಿಟ್ಟವನಲ್ಲ. ಮಾಲೂರಿನ ಕಡೆಯ ನಮ್ಮೂರಿಗೆ ಆಗ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಬಂದಿತ್ತಂತೆ. ಟಾರು ರಸ್ತೆಯಿಂದ ಕೇರಿಗೆ ಬರಬೇಕಾದರೆ ಊರಿನ ದೊಡ್ಡ ಬೀದಿ ದಾಟಲೇಬೇಕು. ಬೀದಿಯ ಬಾಯಿಗೆ ಬರುತ್ತಲೂ ಅಪ್ಪ ಇಳಿಯುತ್ತಿದ್ದ. ಚಪ್ಪಲಿ ಬಿಚ್ಚಿ ಹ್ಯಾಂಡಲ್ಲಿಗೆ ಸಿಕ್ಕಿಸಿ, ಜಗಲಿ ಮೇಲೆ ಕೂತವರ ಮುಂದೆ ಸೈಕಲ್ ತಳ್ಳಿಕೊಂಡು ನಡೆದು, ಅರಳಿಮರ ದಾಟಿದ ಮೇಲೆ ಮತ್ತೆ ಹತ್ತುತ್ತಿದ್ದ. ‘ಇಳಿ’ ಅಂತ ಯಾರೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಬಾಡಿಗೆಯ ಗಂಟೆ ಮಾತ್ರ ಆ ಬೀದಿಯಲ್ಲೂ ನಿಲ್ಲುತ್ತಿರಲಿಲ್ಲ. ತಳ್ಳಿದ ಹೊತ್ತಿಗೂ ಅಪ್ಪ ಕಾಸು ಕೊಟ್ಟಿದ್ದಾನೆ.

ಅಂಥ ಅಪ್ಪನ ಮಗ ನಾನು ಮೋಟಾರ್ ಸೈಕಲ್ ಕೊಳ್ಳಲು ಹೊರಟೆ.

ಷೋಕಿಗಲ್ಲ. ನಾನಿರುವುದು ಕೆ.ಆರ್. ಪುರದ ದೇವಸಂದ್ರದ ಒಂದು ಕೋಣೆಯಲ್ಲಿ. ಹಗಲೆಲ್ಲ ಶಿವಾಜಿನಗರದಲ್ಲಿ ಕರಡು ತಿದ್ದುವ ಕೆಲಸ. ಅದಕ್ಕೆ ಬಸ್ಸುಂಟು, ಮೆಟ್ರೋ ಉಂಟು. ಬೈಯಪ್ಪನಹಳ್ಳಿಗೆ ಬಂದು ನಿಂತಿದ್ದ ಮೆಟ್ರೋ ಹಳಿ 2023ರ ಅಕ್ಟೋಬರಿನಲ್ಲಿ ಕೆ.ಆರ್. ಪುರವನ್ನೂ ಕೂಡಿಕೊಂಡಿತು. ಆದರೆ ಶನಿವಾರ ಸಂಜೆ ಹೊಸಕೋಟೆ, ಮಾಲೂರು ಸುತ್ತಿನ ಹಳ್ಳಿಗಳಲ್ಲಿ ಸಂಘಟನೆಯ ಸಭೆ ಇರುತ್ತದೆ, ಮಕ್ಕಳಿಗೆ ಪಾಠ ಇರುತ್ತದೆ. ಸಭೆ ಮುಗಿಯುವ ಹೊತ್ತಿಗೆ ಕೊನೇ ಬಸ್ಸು ಹೋಗಿರುತ್ತದೆ. ಎಷ್ಟೋ ರಾತ್ರಿ ಯಾರದೋ ಗಾಡಿಯ ಹಿಂದೆ ಕೂತು ಬಂದಿದ್ದೇನೆ. ಇನ್ನೆಷ್ಟೋ ರಾತ್ರಿ ಶಾಲೆಯ ಜಗಲಿ ಮೇಲೆ ಮಲಗಿದ್ದೇನೆ. ಮೆಟ್ರೋ ವೈಟ್‌ಫೀಲ್ಡಿಗೆ ಹೋಗುತ್ತದೆ. ನಮ್ಮ ಕೇರಿಗಳಿಗೆ ಹೋಗೋದಿಲ್ಲ.

ಕೈಯಲ್ಲಿದ್ದದ್ದು ಮೂವತ್ತೈದು ಸಾವಿರ. ಅದರಲ್ಲಿ ಹತ್ತು ಅಕ್ಕ ಮಹಿಳಾ ಸಂಘದಲ್ಲಿ ಎತ್ತಿಕೊಟ್ಟಿದ್ದು. ಎಣಿಸುವಾಗ ಒಂದು ಲೆಕ್ಕ ತಾನೇ ತಲೆಗೆ ಬಂತು. 2022ರ ಸೆಪ್ಟೆಂಬರಿನಲ್ಲಿ ನಮ್ಮ ತಾಲ್ಲೂಕಿನದೇ ಉಳ್ಳೇರಹಳ್ಳಿಯಲ್ಲಿ ದಲಿತರ ಹುಡುಗನೊಬ್ಬ ದೇವರ ಕೋಲು ಮುಟ್ಟಿದ ಅಂತ ಆ ಮನೆಗೆ ಹಾಕಿದ ದಂಡ ಅರವತ್ತು ಸಾವಿರ. ಮೈಲಿಗೆಯ ದರದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನನ್ನ ಜೇಬಿನಲ್ಲಿತ್ತು.

ಮೊದಲು ಹೋದದ್ದು ಶಿವಾಜಿನಗರಕ್ಕೆ. 1809ರಲ್ಲಿ ಬ್ರಿಟಿಷರು ದಂಡು ಹೂಡಿದಂದಿನಿಂದ ಈ ಕಡೆ ಹಳೇ ಸಾಮಾನಿಗೆ ಬೆಲೆ ಕಟ್ಟುವ ಜನಕ್ಕೆ ಕೊರತೆಯಿಲ್ಲ. ರಸೆಲ್ ಮಾರುಕಟ್ಟೆಯ ಸುತ್ತ ಗಲ್ಲಿಗಳಲ್ಲಿ ಗುಜರಿ ಅಂಗಡಿಗಳು. ಒಂದು ಕಡೆ ಬರೀ ಟ್ಯಾಂಕುಗಳು, ಒಂದು ಕಡೆ ಬರೀ ಸೈಲೆನ್ಸರುಗಳು, ಕೋಳಿ ಕಾಲಿನ ಹಾಗೆ ನೇತುಹಾಕಿದ ಹ್ಯಾಂಡಲ್ಲುಗಳು. ಅಲ್ಲಿಂದ ಸ್ವಲ್ಪ ದೂರದಲ್ಲಿ ಹಳೇ ಗಾಡಿ ಮಾರುವ ಒಂದು ಅಂಗಡಿ. ಹೆಸರು ಬೇಡ.

“ಬನ್ನಿ ಬ್ರದರ್. 2011ರ ಸ್ಪ್ಲೆಂಡರ್. ಹದಿನೈದು ಸಾವಿರ ಕೊಡಿ, ಈಗ್ಲೇ ತಗೊಂಡೋಗಿ.”

ಟ್ಯಾಂಕು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹದಿನೈದು ಸಾವಿರ! ಮಿಕ್ಕಿದ್ದರಲ್ಲಿ ಅಕ್ಕನ ಸಾಲ ತೀರಿಸಬಹುದು, ಒಂದಷ್ಟು ಪುಸ್ತಕ ಕೊಳ್ಳಬಹುದು. ಮನಸ್ಸು ಆಗಲೇ ಗಾಡಿ ಹತ್ತಿ ಹೊಸಕೋಟೆ ದಾಟಿತ್ತು. ಕಾಗದ ಕೇಳಿದೆ. ಆತ ಡ್ರಾಯರಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದ. ಅದರಲ್ಲಿ ಯಾರದೋ ಹೆಸರಿನ ಆರ್.ಸಿ. ಜೊತೆಗೆ 29ನೇ ನಮೂನೆ, 30ನೇ ನಮೂನೆ. ಎರಡೂ ಖಾಲಿ. ಕೆಳಗೆ ಮಾತ್ರ ಯಾರದೋ ಸಹಿ.

“ಇದೇನು, ಕೊಳ್ಳೋನ ಹೆಸ್ರೂ ಇಲ್ಲ, ತಾರೀಖೂ ಇಲ್ಲ?”

“ಅದೇ ಒಳ್ಳೇದು ಬ್ರದರ್. ಹೆಸ್ರು ಯಾವಾಗ ಬೇಕಾದ್ರೂ ಹಾಕ್ಕೊಳ್ಳಿ. ಹಾಕ್ಕೊಳ್ದಿದ್ರೂ ನಡೀತದೆ. ಯಾರು ಕೇಳ್ತಾರೆ?”

ಆ ಖಾಲಿ ಕಾಗದ ನೋಡುತ್ತಿದ್ದಂತೆ ನನಗೆ ನೆನಪಾದದ್ದು ತಾತನ ಹೆಬ್ಬೆಟ್ಟು.

ತಾತನಿಗೆ ಸರ್ಕಾರ ಎರಡು ಎಕರೆ ಮಂಜೂರು ಮಾಡಿತ್ತು. ಅತ್ತೆಯ ಮದುವೆಗೆ ಸಾಲ ಬೇಕಾಯಿತು. ಸಾಲ ಕೊಟ್ಟವರು ಒಂದು ಖಾಲಿ ಕಾಗದ ಮುಂದಿಟ್ಟರು. ‘ಇಲ್ಲೊಂದು ಒತ್ತು, ಸಾಕು’ ಅಂದರು. ತಾತ ಒತ್ತಿದ. ಆ ಕಾಗದದ ಮೇಲೆ ಆಮೇಲೆ ಏನು ಬರೆದರೋ ಅವನಿಗೆ ಸಾಯುವ ತನಕ ಗೊತ್ತಾಗಲಿಲ್ಲ. ತನ್ನ ಹೊಲದಲ್ಲೇ ಕೂಲಿಗೆ ಹೋದ. ಇಂಥ ಜಮೀನು ಬಿಡಿಸಿಕೊಡಲೆಂದೇ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬಂದದ್ದು. ಅದಕ್ಕಾಗಿ ನಮ್ಮ ಹಿರಿಯರು ಬೀದಿಗಿಳಿದು ಹೋರಾಡಿದ್ದಾರೆ. ಆದರೂ ‘ತಡವಾಗಿ ಬಂದಿದ್ದೀರಿ’ ಅಂತ ಎಷ್ಟೋ ಬಡವರ ಅರ್ಜಿ ಕೋರ್ಟುಗಳಲ್ಲಿ ಬಿದ್ದುಹೋದವು. ಅರ್ಜಿಗೆ ಕಾಲದ ಮಿತಿಯಿಲ್ಲ ಅಂತ ಕಾಯ್ದೆಗೆ ತಿದ್ದುಪಡಿ ಬರುವ ಹೊತ್ತಿಗೆ 2023 ಆಯಿತು. ತಾತ ಅಷ್ಟರಲ್ಲಿ ಮಣ್ಣಾಗಿದ್ದ. ಅದೂ ಸ್ವಂತದ ಮಣ್ಣಲ್ಲ.

ಖಾಲಿ ಕಾಗದ ನಮ್ಮ ಮನೆಗೆ ಹೊಸದಲ್ಲ ಅಂತ ನಾನು ಎದ್ದೆ.

“ಯಾರು ಕೇಳ್ತಾರೆ?” ಅಂದನಲ್ಲ, ಆ ಮಾತು ಗಲ್ಲಿಯುದ್ದಕ್ಕೂ ನನ್ನ ಹಿಂದೆ ಬಂತು. ಕೇಳುವವರು ಎಲ್ಲರನ್ನೂ ಕೇಳುವುದಿಲ್ಲ, ನಿಜ. ಒಳ್ಳೇ ಷರಟು, ಒಳ್ಳೇ ಬಣ್ಣ, ಬಾಯಲ್ಲಿ ನಾಲ್ಕು ಇಂಗ್ಲಿಷ್ ಮಾತಿದ್ದವನನ್ನು ಬಿಟ್ಟುಬಿಡಬಹುದು. ರಾತ್ರಿ ಹನ್ನೊಂದಕ್ಕೆ ಕಪ್ಪಗಿನ ಹುಡುಗನೊಬ್ಬ ಬೇರೆಯವನ ಹೆಸರಿನ ಗಾಡಿಯಲ್ಲಿ ಬಂದರೆ ಮೊದಲ ಪ್ರಶ್ನೆ ‘ಯಾರ್ದೋ ಗಾಡಿ?’ ಅಂತಲೇ. ಎರಡನೆಯದು ‘ಎಲ್ಲಿ ಎತ್ತಿದೆ?’ ಹದಿನೈದು ಸಾವಿರ ಉಳಿಸಲು ಹೋಗಿ ನಾನು ಕಳ್ಳನಾಗಬೇಕಿತ್ತು.

ಗುಜರಿ ಗಲ್ಲಿಯಲ್ಲೇ ಒಬ್ಬರು ವಯಸ್ಸಾದ ಮೆಕ್ಯಾನಿಕ್ ಸಿಕ್ಕರು. ಬಿಳೀ ಗಡ್ಡ, ಗ್ರೀಸಿನ ಕೈ. ನಡೆದದ್ದನ್ನೆಲ್ಲ ಹೇಳಿದೆ. ನಕ್ಕು, ಒಂದು ಟೀ ಹಿಡಿಸಿ, ಪಕ್ಕದಲ್ಲಿ ಕೂರಿಸಿಕೊಂಡರು.

“ನೋಡು ಬೇಟಾ, ಇಂಜಿನ್ ಸತ್ರೆ ನಾನು ಜೀವ ಕೊಡ್ತೀನಿ. ಕಾಗಜ್ ಸತ್ರೆ ನನ್ ಕೈಲಿ ಆಗಲ್ಲ.”

ಆವತ್ತು ಅವರು ಕಲಿಸಿದ ಪಾಠ ಯಾವ ಕಾಲೇಜಿನಲ್ಲೂ ಸಿಗಲಿಲ್ಲ. ಗಾಡಿ ಶುರು ಮಾಡೋಕೆ ಮುಂಚೆ ಇಂಜಿನ್ನಿನ ಹತ್ತಿರ ಕೈ ಹಿಡಿ. ಬಿಸಿ ಇದ್ದರೆ ನೀನು ಬರೋ ಮುಂಚೆಯೇ ಓಡಿಸಿ ಇಟ್ಟಿದ್ದಾರೆ ಅಂತ ಅರ್ಥ. ತಣ್ಣಗಿದ್ದಾಗ ಅದು ಏಳೋಲ್ಲ. ಹೊಗೆ ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆ. ಮುಂದಿನ ಫೋರ್ಕಿನ ಮೇಲೆ ಎಣ್ಣೆ ಜಿನುಗಿದ್ದರೆ ಸೀಲು ಹೋಗಿದೆ. ಚೈನಿನ ಚಕ್ರದ ಹಲ್ಲು ಕೊಕ್ಕೆಯ ಹಾಗೆ ಬಾಗಿದ್ದರೆ ಆ ಖರ್ಚು ನಿನ್ನದು. ಟ್ಯಾಂಕಿನ ಹೊಳಪು ನೋಡಬೇಡ, ಅದು ಬಣ್ಣದವನ ಕೈಚಳಕ. ಛಾಸಿ ನಂಬರು, ಇಂಜಿನ್ ನಂಬರು ಎರಡನ್ನೂ ಆರ್.ಸಿ.ಯ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸು. ಉಜ್ಜಿ ಕೆತ್ತಿದ ಗುರುತಿದ್ದರೆ ಅಲ್ಲಿಂದ ಎದ್ದು ಬಾ.

ಉಳಿದದ್ದನ್ನು ನಾನು ಓದಿ ತಿಳಿದುಕೊಂಡೆ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ಒಂದೇ ರಾಜ್ಯದೊಳಗೆ ಮಾರಿದವನು 14 ದಿನದಲ್ಲಿ, ಕೊಂಡವನು 30 ದಿನದಲ್ಲಿ ತಿಳಿಸಬೇಕು. ವಿಮೆಯನ್ನೂ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವನು 14 ದಿನದಲ್ಲಿ ಅರ್ಜಿ ಹಾಕಬೇಕು. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿ ತೋರಿಸಿ ಹೊಸದಾಗಿ ಮಾಡಿಸಬೇಕು. ಹಾಗಾಗಿ ಆ 2011ರ ಗಾಡಿ ಅಗ್ಗವೂ ಅಲ್ಲ. ಸಾಲದಲ್ಲಿ ಕೊಂಡ ಗಾಡಿಯಾದರೆ ಸಾಲ ತೀರಿದ ಪತ್ರ ಬೇಕು, 35ನೇ ನಮೂನೆ ಬೇಕು. ಮಾರಿದ ಮೇಲೂ ಹೆಸರು ಬದಲಾಗದೆ ಅಪಘಾತವಾದರೆ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯ, ಪರಿಹಾರ ಕೊಡಬೇಕಾದವನೂ ಅವನೇ ಅಂತ 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಾವು ತಲೆತಲಾಂತರ ಉತ್ತ ನೆಲದ ಪಹಣಿಯಲ್ಲಿ ನಮ್ಮ ಹೆಸರಿರಲಿಲ್ಲ. ಉತ್ತವನು ಒಡೆಯನಲ್ಲ, ಬರೆಸಿಕೊಂಡವನು ಒಡೆಯ ಅನ್ನೋದು ನಮಗೆ ಕೋರ್ಟು ಹೇಳಿ ಗೊತ್ತಾಗಬೇಕಾಗಿರಲಿಲ್ಲ.

ಆ ಮೆಕ್ಯಾನಿಕ್ಕೇ ಹಲಸೂರಿನ ಒಂದು ವಿಳಾಸ ಕೊಟ್ಟರು. ಸೋಮೇಶ್ವರ ದೇವಸ್ಥಾನದ ಹಿಂದಿನ ಒಂದು ಸಂದಿ. ನಿವೃತ್ತರಾದ ಹಿರಿಯರು, ಮಂಡಿನೋವಿಂದ ಗಾಡಿ ಮಾರುತ್ತಿದ್ದರು. 2015ರ ಸ್ಪ್ಲೆಂಡರ್, ಕೆ.ಎ. 03. ಮೊದಲಿಂದ ಒಬ್ಬರೇ ಓಡಿಸಿದ್ದು. ಟ್ಯಾಂಕಿನ ಮೇಲೆ ಗೀರು, ಸೀಟಿಗೆ ಹೊಲಿಗೆ. ಕೈ ಹಿಡಿದೆ, ಇಂಜಿನ್ ತಣ್ಣಗಿತ್ತು. ಎರಡನೇ ಕಿಕ್ಕಿಗೆ ಎದ್ದಿತು. ಫೋನಿನಲ್ಲಿ ನಂಬರು ಹಾಕಿ ನೋಡಿದರೆ ಸಿಗ್ನಲ್ ದಾಟಿದ ಮೂರು ದಂಡ ಬಾಕಿ. ಅವರು ನಾಚಿಕೊಂಡು ಅಲ್ಲೇ ಕಟ್ಟಿದರು. ಮೂವತ್ತು ಹೇಳಿದ್ದು ಇಪ್ಪತ್ತೆಂಟಕ್ಕೆ ನಿಂತಿತು.

ಈ ಊರಲ್ಲಿ ಕೋಣೆ ಹುಡುಕುವಾಗ ಏಳು ಮನೆಗಳಲ್ಲಿ ‘ನೀವು ಯಾವ ಜನ?’ ಅಂತ ಕೇಳಿಸಿಕೊಂಡವನು ನಾನು. ಈ ಹಿರಿಯರು ಕೇಳಿದ್ದು ಆಧಾರ್ ಕಾರ್ಡಿನ ನಕಲು ಮಾತ್ರ. ನನ್ನ ಎದುರಿಗೇ 29, 30ನೇ ನಮೂನೆಗಳ ಒಂದೊಂದು ಮನೆಯನ್ನೂ ಭರ್ತಿ ಮಾಡಿ, ಆಮೇಲೆ ಸಹಿ ಹಾಕಿದರು. ಛಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದೆವು. ಕೆ.ಆರ್. ಪುರದ ಸಾರಿಗೆ ಕಚೇರಿಗೆ ಎರಡು ಸಲ ಓಡಾಡಿದೆ. ‘ಬಿಡಿ ಸಾರ್, ಸಾವಿರ ಕೊಡಿ, ನಾವ್ ಮಾಡಿಸ್ತೀವಿ’ ಅಂತ ಹೊರಗೆ ಒಬ್ಬ ಬೆನ್ನು ಹತ್ತಿದ. ನನ್ನ ಹೆಸರನ್ನು ನಾನೇ ಬರೆದುಕೊಳ್ಳುತ್ತೇನೆ ಅಂದೆ.

ಗಾಡಿ ಬಂತು. ಓಡಿಸಲು ಬರುತ್ತಿರಲಿಲ್ಲ.

ಇಲ್ಲಿ ಒಂದು ಮಾತು. ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ 1929ರ ಒಂದು ಘಟನೆ ಬರೆದಿದ್ದಾರೆ. ಚಾಳೀಸ್‌ಗಾಂವ್ ರೈಲು ನಿಲ್ದಾಣದಲ್ಲಿ ಇಳಿದ ಅವರನ್ನು ಕೂರಿಸಿಕೊಳ್ಳಲು ಒಬ್ಬ ಟಾಂಗಾದವನೂ ಒಪ್ಪಲಿಲ್ಲ. ಬ್ಯಾರಿಸ್ಟರನ್ನು ನಡೆಸಿಕೊಂಡು ಹೋಗಲು ಅಲ್ಲಿನ ಮಹಾರರಿಗೆ ಮನಸ್ಸಾಗಲಿಲ್ಲ. ಟಾಂಗಾ ಮಾತ್ರ ಬಾಡಿಗೆಗೆ ಪಡೆದು, ಎಂದೂ ಲಗಾಮು ಹಿಡಿಯದ ತಮ್ಮವನೊಬ್ಬನನ್ನೇ ಕೂರಿಸಿದರು. ಸೇತುವೆಯ ಬದಿಗಲ್ಲಿಗೆ ಟಾಂಗಾದ ಚಕ್ರ ಬಡಿದು ಅಂಬೇಡ್ಕರ್ ಕಲ್ಲಿನ ಮೇಲೆ ಬಿದ್ದರು, ಕಾಲು ಮುರಿಯಿತು. ತಮ್ಮ ಮರ್ಯಾದೆ ಕಾಯಲು ಹೋಗಿ ನಮ್ಮವರು ತಮ್ಮ ಪ್ರಾಣವನ್ನೇ ಅಪಾಯಕ್ಕೆ ಒಡ್ಡಿದರೆಂದು ಅವರು ಬರೆಯುತ್ತಾರೆ. ಟಾಂಗಾದವರ ಜಾತಿಯ ಸೊಕ್ಕಿನ ಮೇಲಿನ ಸಿಟ್ಟು ಒಂದು ಕಡೆ ಇರಲಿ. ಲಗಾಮು ಹಿಡಿಯುವ ಕೈ ಪಳಗಿರಬೇಕು ಅನ್ನೋ ಪಾಠವನ್ನೂ ನಾವು ಅವರ ಮುರಿದ ಕಾಲಿಂದಲೇ ಕಲಿಯಬೇಕು. ಸ್ವಾಭಿಮಾನ ಅಂದರೆ ಕಲಿಯದೆ ಹತ್ತುವುದಲ್ಲ.

ಅದಕ್ಕೇ ಎಲ್.ಎಲ್.ಆರ್. ಮಾಡಿಸಿದೆ, ಮುಂದೆ ಹಿಂದೆ ಕೆಂಪು ‘ಎಲ್’ ಅಂಟಿಸಿದೆ. ಐ.ಎಸ್.ಐ. ಗುರುತಿನ ಹೆಲ್ಮೆಟ್ ಎರಡು ಕೊಂಡೆ. ಒಂದು ಹಿಂದೆ ಕೂರುವವರಿಗೆ. ದೂರವಾಣಿನಗರದ ಒಂದು ಖಾಲಿ ಮೈದಾನದಲ್ಲಿ ಲೈಸೆನ್ಸಿದ್ದ ಗೆಳೆಯ ಹಿಂದೆ ಕೂತು ಕಲಿಸಿದ. ಕ್ಲಚ್ಚು ಬಿಡುವ ಕೈ ನಡುಗಿ ಇಂಜಿನ್ ಎಷ್ಟು ಸಲ ನಿಂತಿತೋ! ಎರಡು ಸಲ ಬಿದ್ದೆ. ಎಂಟು ಹಾಕುವುದನ್ನು ಕಲಿಯಲು ಮೂರು ಭಾನುವಾರ ಹಿಡಿಯಿತು. ಕವಿತೆಯಲ್ಲಿ ಬೇಕಾದಷ್ಟು ಸಲ ಬಿರುಗಾಳಿ ಏರಿದ್ದ ನಾನು 97.2 ಸಿ.ಸಿ. ಗಾಡಿಯ ಮುಂದೆ ಬಾಯಿ ಮುಚ್ಚಿಕೊಂಡು ವಿದ್ಯಾರ್ಥಿಯಾದೆ. ತೂಗು ಸೇತುವೆಯ ಮೇಲೆ ಲಾರಿಗಳ ನಡುವೆ ಹೋಗುವ ಧೈರ್ಯ ಬಂದದ್ದು ಲೈಸೆನ್ಸು ಕೈಗೆ ಬಂದು ಎಷ್ಟೋ ದಿನದ ಮೇಲೆ.

ಆರ್.ಸಿ. ಕಾರ್ಡು ಅಂಚೆಯಲ್ಲಿ ಬಂತು. ಆ ಭಾನುವಾರ ಊರಿಗೆ ಹೋದೆ. ಅಪ್ಪ ಮಾಲೂರಿನ ಸಂತೆಯಲ್ಲಿದ್ದ. ಹೆಲ್ಮೆಟ್ ಹಾಕಿಸಿ ಹಿಂದೆ ಕೂರಿಸಿಕೊಂಡೆ. ದಾರಿಯುದ್ದಕ್ಕೂ ಮಾತಾಡುತ್ತಾ ಬಂದವನು ದೊಡ್ಡ ಬೀದಿಯ ಬಾಯಿಗೆ ಬರುತ್ತಲೂ ನನ್ನ ಭುಜ ಹಿಡಿದ.

“ನಿಲ್ಸು ಮಗ. ನಾನು ಇಳ್ದು ನಡ್ಕಂಡ್ ಬತ್ತೀನಿ.”

“ಯಾಕಪ್ಪ?”

“ಏನಿಲ್ಲ ಕಣ. ಅಭ್ಯಾಸ.”

ನಾನು ನಿಲ್ಲಿಸಲಿಲ್ಲ. ಆದರೆ ಗಾಡಿಯೇ ನಿಂತಿತು! ದೊಡ್ಡ ಮನೆಯ ಮುಂದಿನ ಉಬ್ಬಿನಲ್ಲಿ ಗೇರು ಇಳಿಸಲು ಮರೆತೆ, ಇಂಜಿನ್ ಆಫ್. ಕಿಕ್ಕು ಹೊಡೆದೆ. ಎದ್ದೇಳಲಿಲ್ಲ. ಜಗಲಿ ಮೇಲೆ ನಾಲ್ಕು ಜನ ಎಲೆಯಡಿಕೆ ನಿಲ್ಲಿಸಿ ನೋಡಿದರು. ನನ್ನ ಬೆನ್ನಿಗೆ ಅಪ್ಪನ ಎದೆ ತಾಗಿತ್ತು. ಅದು ಹೊಡೆದುಕೊಳ್ಳೋದು ನನಗೆ ಗೊತ್ತಾಗುತ್ತಿತ್ತು. ಅಪ್ಪ ಮಾತ್ರ ಇಳಿಯಲಿಲ್ಲ.

ಅವರಲ್ಲಿ ಹಿರಿಯ ಕೇಳಿದ: “ಯಾರ್ದ್ಲಾ ಗಾಡಿ?”

ನಾನು ಬಾಯಿ ತೆರೆಯುವುದರೊಳಗೆ ಅಪ್ಪ ಹೇಳಿದ: “ನಮ್ದೇ ಸೋಮಿ. ಕಾಗ್ದ ಐತೆ.”

‘ಸೋಮಿ’ ಇನ್ನೂ ಹೋಗಿಲ್ಲ. ಅದಕ್ಕೆ ಇನ್ನೆಷ್ಟು ವರ್ಷ ಬೇಕೋ. ಮೂರನೇ ಕಿಕ್ಕಿಗೆ ಗಾಡಿ ಎದ್ದಿತು. ಅರಳಿಮರ ದಾಟಿ ಕೇರಿಗೆ ಬಂದೆವು.

ರಾತ್ರಿ ಊಟವಾದ ಮೇಲೆ ಅಪ್ಪ ಆ ಕಾರ್ಡು ಕೇಳಿದ. ಓದಲು ಬಾರದು. ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದ. “ನಿನ್ನೆಸ್ರು ಯಾವುದ್ಲಾ?” ಅಂದ. ತೋರಿಸಿದೆ. “ಅದ್ರ ಕೆಳಗಡೆ ಇರೋದು?”

“ನಿಂದು. ಇಂಥೋರ ಮಗ ಅಂತ ಬರೀತಾರೆ.”

ಅಪ್ಪ ಏನೂ ಅನ್ನಲಿಲ್ಲ. ಹೆಬ್ಬೆಟ್ಟನ್ನು ತನ್ನ ಹೆಸರಿನ ಮೇಲೆ ಇಟ್ಟು ಸುಮ್ಮನೆ ಸವರಿದ. ಆಮೇಲೆ ಕಾರ್ಡನ್ನು ಪಂಚೆಯ ಅಂಚಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟ.

“ಮಡಿಕ್ಕೋ. ಕಳೀಬೇಡ.”