ತೆಂಗಿನಕಾಯಿಗೆ ಗುರಿ, ಕಣ್ಣು ಬೆರಳಿನ ಮೇಲೆ

ಕೊಡಗಿಗೆ ಹೋದೋರು ಅಬ್ಬಿ ಜಲಪಾತ, ತಲಕಾವೇರಿ ನೋಡಿ, ಕಾಫಿಪುಡಿ ಕಟ್ಟಿಸ್ಕೊಂಡು ವಾಪಸ್ ಬರ್ತಾರೆ. ಒಮ್ಮೆ ಸೆಪ್ಟೆಂಬರ್ ಮೊದಲ ವಾರ ಹೋಗಿ ನೋಡಿ. ನಾಟಿ ಮುಗಿದಿರುತ್ತೆ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಒರೆಸಿ, ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡಿರ್ತಾರೆ. ಊಟಕ್ಕೆ ಕಡಂಬುಟ್ಟು, ಪಂದಿ ಕರಿ (ಇದರ ಬಗ್ಗೆ ಬೇರೆಯೇ ಲೇಖನ ಬರೀಬಹುದು). ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ.

ವಿರಾಜಪೇಟೆ ಕಡೆಯ ಗೆಳೆಯನ ಊರಿನಲ್ಲಿ ಎಲ್ಲರೂ ಕಾಯಿ ನೋಡ್ತಿದ್ದರೆ, ಗೆಳೆಯನ ಸೋದರಮಾವ ಮಾತ್ರ ಹೊಡೆಯೋರ ತೋರುಬೆರಳು ನೋಡ್ತಿದ್ದರು. ಕಾರಣ ಲೆಕ್ಕ ಹಾಕಿದರೆ ಗೊತ್ತಾಗುತ್ತೆ. ಭುಜದಿಂದ ನಳಿಗೆಯ ತುದಿಗೆ ಒಂದು ಮೀಟರ್ ಅಂದ್ಕೊಳ್ಳಿ. ಟ್ರಿಗರ್ ಎಳೆಯುವಾಗ ತುದಿ ಬರೀ 3 ಮಿಲಿಮೀಟರ್ ಪಕ್ಕಕ್ಕೆ ಸರಿದರೂ 30 ಮೀಟರ್ ದೂರದಲ್ಲಿ ಅದು 9 ಸೆಂಟಿಮೀಟರ್. ಕಾಯಿ ಅಲ್ಲಾಡೋದೂ ಇಲ್ಲ.

ನಮಗೆ ಮೌಸ್ ಒತ್ತಿ ಅಭ್ಯಾಸ, ಟಕ್ ಅಂತ ಒತ್ತಿಬಿಡ್ತೀವಿ. ಇಲ್ಲಿ ಹಾಗಲ್ಲ. ಬೆರಳಿನ ತುದಿಯ ಮೆತ್ತನೆ ಭಾಗ ಟ್ರಿಗರ್ ಮೇಲಿಟ್ಟು, ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ನೇರ ಹಿಂದಕ್ಕೆ ನಿಧಾನವಾಗಿ ಒತ್ತಡ ಹೆಚ್ಚಿಸ್ತಾ ಹೋಗಬೇಕು. ಗುಂಡು ಯಾವ ಕ್ಷಣಕ್ಕೆ ಹಾರುತ್ತೆ ಅಂತ ಹೊಡೆಯೋನಿಗೇ ಸರಿಯಾಗಿ ಗೊತ್ತಾಗಬಾರದು. ಗೊತ್ತಾದರೆ ಶಬ್ದಕ್ಕೆ, ಒದೆತಕ್ಕೆ ಮೈ ಮೊದಲೇ ಬಿಗಿದು ನಳಿಗೆ ಕೆಳಕ್ಕೆ ಹೋಗುತ್ತೆ.

ಬೆರಳು ಮಡಿಸುವ ದೊಡ್ಡ ಸ್ನಾಯುಗಳು ಬೆರಳಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಸ್ನಾಯುರಜ್ಜುಗಳು ಹಗ್ಗದ ಹಾಗೆ ಬೆರಳಿಗೆ ಬರ್ತವೆ. ಪಕ್ಕದ ಬೆರಳುಗಳ ಹಗ್ಗಗಳೂ ಅಲ್ಲಿಂದಲೇ. ಹಾಗಾಗಿ ತೋರುಬೆರಳು ಎಳೆದಾಗ ಇಡೀ ಮುಷ್ಟಿ ಬಿಗಿಯಾಗೋದು ಸಹಜ, ಗುರಿ ಕೆಡೋದೂ ಅಲ್ಲೇ. ಉಲ್ಟಾನೂ ನಿಜ. ಎಡವಿದಾಗ, ಬೆಚ್ಚಿಬಿದ್ದಾಗ ಮುಷ್ಟಿ ತಾನಾಗಿ ಬಿಗಿಯುತ್ತೆ, ತೋರುಬೆರಳೂ ಜೊತೆಗೆ ಮಡಚುತ್ತೆ. ಆಗ ಬೆರಳು ಟ್ರಿಗರ್ ಮೇಲಿದ್ದರೆ? ಮಳೆಗೆ ನೆನೆದ ಹುಲ್ಲು, ಹಿಂದೆ ಹೆಂಗಸರು, ಮಕ್ಕಳು.

ಅವತ್ತು ಒಬ್ಬ ಹುಡುಗ ಬೆರಳು ಒಳಗಿಟ್ಟುಕೊಂಡೇ ಗುರಿಕಟ್ಟೆಗೆ ನಡೆದು ಬಂದ. ಮಾವ ಸುಮ್ಮನೆ ಎದ್ದು, ನಳಿಗೆಯನ್ನು ನೆಲದ ಕಡೆ ತಿರುಗಿಸಿ, ಕೋವಿ ಇಸ್ಕೊಂಡು ಗುಂಡು ತೆಗೆದರು. "ಗುರಿ ಹಿಡಿದ ಮೇಲೆ ಬೆರಳು ಒಳಗೆ. ಅಲ್ಲೀವರೆಗೆ ಹೊರಗೆ. ಹೋಗು, ಸಾಲಿನ ಕೊನೆಗೆ ನಿಲ್ಲು" ಅಂದರು. ಹುಡುಗನ ಅಪ್ಪ ಅಲ್ಲೇ ಇದ್ದರು, ಒಂದು ಮಾತೂ ಆಡಲಿಲ್ಲ. ಮುಕ್ಕಾಲು ಗಂಟೆ ಕಾದು ಹುಡುಗ ಮತ್ತೆ ಬಂದಾಗ ಅವನ ತೋರುಬೆರಳು ಕೋವಿಯ ಮರದ ಮೇಲೆ ನೆಟ್ಟಗೆ ಚಾಚಿತ್ತು.