ದುಡಿದವನ ಮುಪ್ಪಿನ ಬಾಕಿ

ಜವಳಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ದುಡಿದ ಗುಮಾಸ್ತರೊಬ್ಬರು ದೃಷ್ಟಿ ಮಂದವಾಗಿ ಕೆಲಸ ಬಿಟ್ಟರು. ಶ್ರಾವಕರಾದ ಮಾಲೀಕರು ಶಾಲು ಹೊದಿಸಿ, ಫಲತಾಂಬೂಲದೊಡನೆ 5,000 ರೂಪಾಯಿ ಕೊಟ್ಟು ಬೀಳ್ಕೊಟ್ಟರು. ಅದೇ ವರ್ಷ ದಶಲಕ್ಷಣ ಪರ್ವದಲ್ಲಿ ಬಸದಿಯ ಆಹಾರದಾನಕ್ಕೆ 1,00,000 ರೂಪಾಯಿ ಅರ್ಪಿಸಿದರು. ಎರಡನ್ನೂ ಅವರು ಧರ್ಮದ ಖಾತೆಗೇ ಬರೆದರು.

ವಾಣಿಜ್ಯ ಓದಿದ ಮಗ ಒಂದು ಲೆಕ್ಕ ಹಾಕಿದನು. 1972 ರ ಗ್ರಾಚ್ಯುಟಿ ಕಾಯಿದೆಯ ಕ್ರಮದಂತೆ ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ವೇತನ. ತಿಂಗಳಿಗೆ 26 ದಿನ. ಗುಮಾಸ್ತರ ಕೊನೆಯ ಸಂಬಳ 13,000 ರೂಪಾಯಿ. ಮೂವತ್ತು ವರ್ಷಕ್ಕೆ 2,25,000 ರೂಪಾಯಿ ಆಗುತ್ತಿತ್ತು. ಆದರೆ ಆ ನಿಯಮ ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗಳಿಗೆ ಮಾತ್ರ. ಇಲ್ಲಿ ಒಂಬತ್ತು ಜನಕ್ಕಿಂತ ಹೆಚ್ಚು ಎಂದೂ ಇರಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಮಾಲೀಕರು ನಿರ್ದೋಷಿಗಳು.

ಸ್ವತಂತ್ರ ಭಾರತದ ಕಲ್ಯಾಣರಾಜ್ಯವು ಕಾರ್ಖಾನೆಯ ಕಾರ್ಮಿಕನನ್ನು ಮುಂದಿಟ್ಟುಕೊಂಡು ಹೊರಟಿತು. 1948 ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆ, 1952 ರಲ್ಲಿ ಭವಿಷ್ಯನಿಧಿ ಕಾಯಿದೆ ಬಂದವು. ಈಗ ದುಡಿಮೆಯ ರೂಪವೇ ಬದಲಾಗಿದೆ. 2020 ರಲ್ಲಿ ಅಂಗೀಕೃತವಾಗಿ 2025 ರ ನವೆಂಬರ್ 21 ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು, ಮೊಬೈಲಿನ ಕರೆಗೆ ಊಟ ತಲುಪಿಸುವ ಯುವಕನನ್ನೂ ಗುರುತಿಸಿದೆ; ಅಂತಹ ಕಂಪನಿಗಳು ವಾರ್ಷಿಕ ವಹಿವಾಟಿನ ಶೇಕಡ 1 ರಿಂದ 2 ರಷ್ಟನ್ನು, ಒಂದು ಮಿತಿಗೊಳಪಟ್ಟು, ಅವರ ಭದ್ರತೆಗೆ ಕೊಡಬೇಕು. ಇದು ಸ್ವಾಗತಾರ್ಹ. ಆದರೆ ಗ್ರಾಚ್ಯುಟಿಗೆ ಹತ್ತು ಜನರೆಂಬ ಬೇಲಿ ಅಲ್ಲಿಯೂ ಉಳಿದಿದೆ.

ವ್ರತಕ್ಕೆ ಇಂತಹ ಬೇಲಿಯಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದ್ದಾರೆ. ಅತಿಭಾರಾರೋಪಣ, ಅನ್ನಪಾನನಿರೋಧ ಅವುಗಳಲ್ಲಿ ಎರಡು: ಮಿತಿಮೀರಿ ಹೊರೆ ಹೊರಿಸುವುದು, ಅನ್ನನೀರು ತಡೆಯುವುದು. ಮುದಿ ಎತ್ತಿಗೆ ಮೇವು ನಿಲ್ಲಿಸುವುದು ದೋಷವಾದರೆ, ಮೂವತ್ತು ವರ್ಷ ಗಲ್ಲಾ ಕಾಯ್ದವನ ಮುಪ್ಪನ್ನು ಮರೆಯುವುದು ದೋಷವಲ್ಲವೇ?

ನಮ್ಮ ಬಸದಿಗಳ ಅರ್ಚಕರು, ಅಡಿಗೆಯವರು, ಕಾವಲುಗಾರರ ವಿಷಯದಲ್ಲಿಯೂ ಟ್ರಸ್ಟುಗಳು ಈ ಪ್ರಶ್ನೆ ಕೇಳಿಕೊಳ್ಳಬೇಕು. ತಿಂಗಳ ಸಂಬಳದ ಸುಮಾರು ನೂರಕ್ಕೆ ಐದರಷ್ಟನ್ನು ಪ್ರತ್ಯೇಕವಾಗಿ ತೆಗೆದಿರಿಸಿ, ಸಂಬಳ ಏರಿದಾಗ ಕೊರತೆ ತುಂಬುತ್ತ ಬಂದರೆ ನಿವೃತ್ತಿಯ ದಿನ ಭಾರವಾಗದು.

ಮಾಲೀಕರು ಮಗನ ಲೆಕ್ಕವನ್ನು ಎರಡು ಬಾರಿ ನೋಡಿದರು. ಉಳಿದ 2,20,000 ರೂಪಾಯಿಗಳನ್ನು ನಾಲ್ಕು ಕಂತುಗಳಲ್ಲಿ ಗುಮಾಸ್ತರ ಮನೆಗೆ ತಾವೇ ಒಯ್ದು ಕೊಟ್ಟರು. ಈ ಸಲ ಅದನ್ನು ಧರ್ಮದ ಖಾತೆಗೆ ಬರೆಯಲಿಲ್ಲ. ‘ಕೊಡಬೇಕಾದ ಬಾಕಿ’ ಎಂದು ಬರೆದರು.