ಭದ್ರೆಯ ದಡದಲ್ಲಿ ಎರಡು ದೋಣಿಗಳು

ಮೂಡಿಗೆರೆಯನ್ನು ದಾಟಿ, ಕೊಟ್ಟಿಗೆಹಾರದಲ್ಲಿ ಚಾರ್ಮಾಡಿ ಘಟ್ಟದ ದಾರಿಯನ್ನು ಬಿಟ್ಟು ಕಳಸದ ಕಡೆಗೆ ಹೊರಳಿದ ಪ್ರಯಾಣಿಕನಿಗೆ ಕಾಫಿ ತೋಟಗಳ ನೆರಳು ಬಹುದೂರ ಜೊತೆಯಾಗುತ್ತದೆ. ತುಂಗೆ ನೇತ್ರಾವತಿಯರೊಡನೆ ಗಂಗಾಮೂಲದಲ್ಲಿ ಹುಟ್ಟಿದ ಭದ್ರೆ ಕಳಸವನ್ನು ಸೇರುವ ವೇಳೆಗೆ ಇನ್ನೂ ಬಾಲೆಯೇ. ಬೇಸಗೆಯಲ್ಲಿ ಬಂಡೆಗಳ ನಡುವೆ ಆಡುತ್ತಾಳೆ. ಆಷಾಢದಲ್ಲಿ ಅದೇ ಬಂಡೆಗಳನ್ನು ನುಂಗಿ ಹರಿಯುತ್ತಾಳೆ. ಮಧ್ವಾಚಾರ್ಯರ ಹೆಸರಿನೊಡನೆ ಬೆಸೆದುಕೊಂಡಿರುವ ಹೆಬ್ಬಂಡೆಯಿರುವ ಅಂಬಾತೀರ್ಥದಲ್ಲಿ ನಿಂತವರಿಗೆ ಅವಳ ಈ ಎರಡು ಸ್ವಭಾವಗಳನ್ನೂ ಬೇರೆ ವಿವರಿಸಬೇಕಾಗಿಲ್ಲ.

ಇಂತಹ ಹೊಳೆಯಂಚಿನ ತೋಟದ ಮನೆಯೊಂದರಲ್ಲಿ ದೋಣಿಯ ಆಸೆ ಹುಟ್ಟಿತು. ಕಾಫಿ ಕೊಯ್ಲು ಮುಗಿದು ಹೂಮಳೆ ಬಿದ್ದ ಮೇಲೆ, ಮುಂಗಾರು ಇಳಿಯುವ ಮೊದಲು, ಮಕ್ಕಳೊಡನೆ ನೀರಿನ ಮೇಲೆ ನಾಲ್ಕು ಸಂಜೆಗಳನ್ನು ಕಳೆಯಬೇಕೆಂಬುದು ಯಜಮಾನರ ಬಯಕೆ. ಮಾರಾಟಕ್ಕೆ ಎರಡು ದೋಣಿಗಳು ಒದಗಿದವು. ಎರಡೂ ಮೀನುಗಾರರು ಬಳಸಿ ಬಿಟ್ಟವು. ಒಂದು, ಕರಾವಳಿಯಿಂದ ಲಾರಿಯಲ್ಲಿ ಘಟ್ಟ ಹತ್ತಿ ಬಂದ ಮರದ ದೋಣಿ. ಇನ್ನೊಂದು, ಬಿದಿರು ಹೆಣೆದು ಹೊದಿಕೆಗೆ ಡಾಂಬರು ಬಳಿದ ಹರಿಗೋಲು.

ಮರದ ದೋಣಿಯ ಚೆಲುವಿಗೆ ಮನೆಮಂದಿಯೆಲ್ಲ ಮರುಳಾದರು. ಹೊಸ ಬಣ್ಣ, ನೀಳವಾದ ಮೂತಿ! ಆದರೆ ಪರೀಕ್ಷೆಗೆ ಬಂದ ಮುದಿ ಅಂಬಿಗ ಬಣ್ಣವನ್ನು ನೋಡಲಿಲ್ಲ. ಬೆರಳ ಗಂಟಿನಿಂದ ಹಲಗೆಗಳನ್ನು ಬಡಿದು ಸದ್ದು ಕೇಳಿದ. ಮೊಳೆಗಳ ಸುತ್ತ ಚಾಕುವಿನ ಮೊನೆ ಇಟ್ಟ. ಒಂದೆಡೆ ಅದು ಬೆಣ್ಣೆಗಿಳಿದಂತೆ ಇಳಿಯಿತು.

“ಅಯ್ಯಾ, ಬಿಸಿಲಿಗೆ ಹಲಗೆ ಒಣಗಿ ಸಂದು ಬಿಟ್ಟಿದ್ದರೆ ನೀರಲ್ಲಿ ನೆನೆದು ಕೂಡಿಕೊಳ್ಳುತ್ತಿತ್ತು. ಇದು ಕೊಳೆತದ್ದು. ನೆನೆದಷ್ಟೂ ಹೆಚ್ಚುತ್ತದೆ,” ಎಂದ.

ಇನ್ನೊಂದು ಮಾತೂ ಉಂಟು. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಸುಮಾರು 2.5 ಪಾಲು ಹೆಚ್ಚು ತೂಕದ್ದು. ಅಲ್ಲಿ ತೇಲಿದ ದೋಣಿ ಅಷ್ಟೇ ಹೊರೆಯೊಡನೆ ಹೊಳೆಯಲ್ಲಿ ತುಸು ಹೆಚ್ಚು ಮುಳುಗುತ್ತದೆ. ಬೇಸಗೆಯ ಭದ್ರೆಯಲ್ಲಾದರೋ ಬಂಡೆಯ ಮೇಲೆ ನಿಂತ ನೀರು ಮೊಣಕಾಲುದ್ದ.

ಹರಿಗೋಲು ನೋಡಲು ಬುಟ್ಟಿಯಂತೆ. ಹುಟ್ಟು ಹಾಕಲು ತಿಳಿಯದವನ ಕೈಯಲ್ಲಿ ಬುಗುರಿಯಾಗುತ್ತದೆ. ಆದರೆ ತಳ ಚಪ್ಪಟೆ. ಗೇಣುದ್ದದ ನೀರಿದ್ದರೂ ತೇಲುತ್ತದೆ. ಬಿದಿರು ಮುರಿದರೆ ಊರಲ್ಲೇ ಹೆಣೆಯಬಹುದು, ಹೊದಿಕೆ ಹರಿದರೆ ತೇಪೆ ಹಾಕಬಹುದು. ಮಳೆಗಾಲಕ್ಕೆ ತಲೆಯ ಮೇಲೆ ಹೊತ್ತು ಕೊಟ್ಟಿಗೆಯಲ್ಲಿ ಬೋರಲು ಹಾಕಬಹುದು.

ಯಜಮಾನರ ಮನಸ್ಸು ಆದರೂ ಚೆಲುವಿನ ಕಡೆಗೇ ವಾಲುತ್ತಿತ್ತು. ಆಗ ಅದುವರೆಗೆ ಜಗಲಿಯಲ್ಲಿ ಸುಮ್ಮನೆ ಕುಳಿತಿದ್ದ ಅವರ ತಾಯಿ ಬಾಯಿ ತೆರೆದರು. ಅವರ ತಮ್ಮ ಹದಿನೆಂಟನೆಯ ವಯಸ್ಸಿನಲ್ಲಿ ಇದೇ ಹೊಳೆ ದಾಟುವಾಗ ದೋಣಿಯ ತಳ ಬಿಟ್ಟು ಹೋಗಿದ್ದ.

“ಅದಕ್ಕೂ ಹಿಂದಿನ ವಾರವಷ್ಟೇ ಬಣ್ಣ ಹೊಡೆದಿದ್ದರು ಕಣೋ,” ಎಂದರು. ಮತ್ತೆ ಯಾರೂ ಚರ್ಚಿಸಲಿಲ್ಲ.

ಹರಿಗೋಲು ಮನೆಗೆ ಬಂತು, ಅಜ್ಜಿಯ ಮೂರು ಕರಾರುಗಳೊಡನೆ: ಎಲ್ಲರ ಮೈಮೇಲೂ ಲೈಫ್ ಜಾಕೆಟ್ ಇರಬೇಕು, ಹುಟ್ಟು ಅಂಬಿಗನ ಕೈಯಲ್ಲೇ ಇರಬೇಕು, ಹೊಳೆಯ ನೀರು ಕೆಂಪಾದ ದಿನ ಯಾರೂ ಇಳಿಯಕೂಡದು.

ಮೊದಲ ಸಂಜೆ ಮಡುವಿನ ನಡುವೆ ಹರಿಗೋಲು ಮೆಲ್ಲನೆ ಸುತ್ತತೊಡಗಿದಾಗ ಮಕ್ಕಳು ಕೇಕೆ ಹಾಕಿದರು. ಅಜ್ಜಿ ದಡದ ಕಲ್ಲಿನ ಮೇಲೆ ಕುಳಿತು, ಅವರು ಮರಳಿ ಬರುವವರೆಗೂ ತಲೆಗಳನ್ನು ಎಣಿಸುತ್ತಲೇ ಇದ್ದರು.